ಟವೆಲಿನ ಇನ್ನೊಂದು ತುದಿ

ಉಳ್ಳಾಗಡ್ಡಿ ಬಿಡುವುದು ಗದ್ದೆಪ್ಪನಿಗೆ ಕಷ್ಟವಾಗಲಿಲ್ಲ. ಚಹಾ ಬಿಟ್ಟದ್ದಕ್ಕೆ ತಲೆನೋವು ಬಂತು, ಅದನ್ನೂ ತಡೆದುಕೊಂಡ. ಆದರೆ ಮಧ್ಯಾಹ್ನ ಊಟವಾದ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಯಾರನ್ನೂ ನೆನೆಯದೆ ಬಿದ್ದುಕೊಂಡಿರಬೇಕೆಂಬ ಕಟ್ಟಳೆ ಮಾತ್ರ ಅವನ ಜೀವ ತಿನ್ನತೊಡಗಿತು. ಕಣ್ಣು ಮುಚ್ಚಿದ ಕೂಡಲೇ ಕುರಿಗಳು ಬರುತ್ತಿದ್ದವು. ದೇವದುರ್ಗದ ದನದ ದವಾಖಾನೆಯಲ್ಲಿ ಕಂಪೌಂಡರನಾಗಿ ಇಷ್ಟು ವರ್ಷ ಅವುಗಳ ಬಾಯಿ ಅಗಲಿಸಿ ಔಷಧ ಸುರಿದಿದ್ದನಲ್ಲ, ಆ ಋಣಕ್ಕೋ ಸೇಡಿಗೋ ಒಂದೊಂದಾಗಿ ಬಂದು ಅವನ ಮುಖ ಮೂಸಿ ಹೋಗುತ್ತಿದ್ದವು. ಬರುವ ಗುರುವಾರ ರಾಯಚೂರಿನಲ್ಲಿ, ಹೈದರಾಬಾದಿನಿಂದ ಬಂದು ಸ್ಟೇಷನ್ ಹತ್ತಿರದ ಲಾಡ್ಜೊಂದರ ಮಾಳಿಗೆಯ ಮೇಲೆ ಬಿಡಾರ ಹೂಡಿದ್ದ ಡಾಕ್ಟರೊಬ್ಬರು ಅವನಿಗೆ ಮಂಕು ಕವಿಸಿ ಹಿಂದಿನ ಜನ್ಮಕ್ಕೆ ಕಳಿಸುವವರಿದ್ದರು. ಅಲ್ಲಿ ತಾನು ಯಾರಾಗಿದ್ದೆ ಎಂದು ತಿಳಿಯುವ ಹಂಬಲವೇನೂ ಗದ್ದೆಪ್ಪನಿಗೆ ಇರಲಿಲ್ಲ. ಕತ್ತೆಯಾಗಿದ್ದರೂ ಸರಿ, ಕಳ್ಳನಾಗಿದ್ದರೂ ಸರಿ, ಒಬ್ಬ ಮನುಷ್ಯನಾಗಿರಲಿಲ್ಲ ಎಂದು ಖಾತ್ರಿಯಾದರೆ ಸಾಕಿತ್ತು. ಆ ಮನುಷ್ಯ ಅವನ ಅಪ್ಪನ ಅಪ್ಪ, ಕುರ್ಡಿಯ ಗದ್ದೆಪ್ಪ, ಸತ್ತು ನಲವತ್ತು ವರ್ಷ ದಾಟಿತ್ತು.

ಸತ್ತ ಅಜ್ಜನ ಹೆಸರನ್ನು ಹುಟ್ಟಿದ ಗಂಡುಮಗುವಿಗೆ ಇಡುವುದು ಆ ಕಡೆ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಹೆಸರಿಟ್ಟು, ಮುತ್ಯಾ ಬಂದಾನ ಎಂದು ನಕ್ಕು, ಬೆಲ್ಲ ಹಂಚಿ ಮರೆತುಬಿಡುತ್ತಾರೆ. ಈ ಮನೆಯಲ್ಲಿ ಮಾತ್ರ ಮರೆಯಲಿಲ್ಲ. ಮೂರು ವರ್ಷದವನಿದ್ದಾಗ ಒಂದು ಸಂಜೆ ಗದ್ದೆಪ್ಪ ಪುಟುಪುಟು ನಡೆದು ಹೋಗಿ, ಮುದುಕ ಕೂರುತ್ತಿದ್ದ ಕಟ್ಟೆ ಹತ್ತಿ ಕೂತು, ನನ್ನ ತಂಬಾಕಿನ ಚೀಲ ಎಲ್ಲಿ ಎಂದನಂತೆ. ಇನ್ನೂ ಏನೇನೋ ಅಂದನಂತೆ. ಮಂದಿ ಕಂಬಳಿ ಹಾಸಿ, ಹಣೆಗೆ ಭಂಡಾರ ಬಳಿದು, ಆ ಪುಟ್ಟ ಕಾಲುಗಳಿಗೆ ಬಿದ್ದರು. ಅವತ್ತಿನಿಂದ ಅವ್ವ ಜಂಬಮ್ಮ ಅವನನ್ನು ಮುಟ್ಟಲಿಲ್ಲ. ಸೊಸೆಯಾದವಳು ಮಾವನನ್ನು ಮುಟ್ಟುತ್ತಾಳೆಯೇ? ತಲೆ ಮೇಲೆ ಸೆರಗು ಹೊದ್ದಳು, ಅವನೆದುರು ಕೂರುವುದನ್ನು ಬಿಟ್ಟಳು, ಅವನುಣ್ಣದೆ ಉಣ್ಣುವುದನ್ನು ಬಿಟ್ಟಳು. ಗದ್ದೆಪ್ಪನಿಗೆ ಇರುವ ಮೊದಲ ನೆನಪೆಂದರೆ ಅವನು ಬಿದ್ದು ಮೊಣಕಾಲು ಕೆತ್ತಿಕೊಂಡು ಅಳುತ್ತ ಅವ್ವನ ಕಡೆ ಓಡುತ್ತಿದ್ದಾನೆ, ಅವ್ವ ಹಿಂದೆ ಹಿಂದೆ ಸರಿಯುತ್ತ ಗೋಡೆಗೆ ಬೆನ್ನು ಹಚ್ಚಿ ನಿಂತು, ‘ಮಾರೆಮ್ಮಾ, ಲಗೂನ ಬಾರ, ಮಾವಾರು ಬಿದ್ದಾರ’ ಎಂದು ನಾದಿನಿಯನ್ನು ಕೂಗುತ್ತಿದ್ದಾಳೆ. ಮಾರೆಮ್ಮತ್ತೆ ಬಂದು ಎತ್ತಿಕೊಂಡಳು. ಸ್ನಾನ ಮಾಡಿಸಿದವಳೂ ಅವಳೇ, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಇಟ್ಟವಳೂ ಅವಳೇ. ಅವ್ವ ಬಾಗಿಲಾಚೆ ನಿಂತು ಮೈ ಹೆಂಗ ಅದ ಎಂದು ಕೇಳಿ ಕಳಿಸುತ್ತಿದ್ದಳು. ಆ ಬಾಗಿಲನ್ನು ಒದ್ದು ಮುರಿಯಬೇಕೆಂದು ಜ್ವರದಲ್ಲಿ ಅವನಿಗೆ ಅನಿಸಿತ್ತು. ಬಾಗಿಲು ತೆರೆದೇ ಇತ್ತು.

ಅಪ್ಪ ಸಿದ್ದರಾಮಪ್ಪನ ಪಾಡು ಬೇರೆ ತೆರನಾದದ್ದು. ಮಗ ಗೋಲಿ ಆಡಿ ಮನೆಗೆ ಬಂದರೆ ಅವನು ಸೇದುತ್ತಿದ್ದ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದು ನಿಲ್ಲುತ್ತಿದ್ದ. ಕೈ ಸುಡುತ್ತಿದ್ದರೂ ಮುಖದಲ್ಲಿ ತೋರಗೊಡುತ್ತಿರಲಿಲ್ಲ. ಹುಡುಗನಿಗೆ ಇದೊಂದು ಆಟವಾಗಿ, ಬೇಕೆಂದೇ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡುತ್ತಿದ್ದ. ನೆನೆದರೆ ಈಗ ನಾಚಿಕೆಯಾಗುತ್ತದೆ. ಇನ್ನೊಂದು ದಿನ, ಗೆಳೆಯರು ಹೊರಗೆ ಸಿಳ್ಳೆ ಹಾಕುತ್ತಿದ್ದಾಗ, ಅಪ್ಪ ಎದುರು ಕೂತು, ‘ಯಪ್ಪಾ, ಬಾಗಲವಾಡದಾವರು ಹಿಂಡು ಕೇಳಾಕತ್ಯಾರ. ಕೊಡಲೇನು?’ ಎಂದ. ಗದ್ದೆಪ್ಪನಿಗೆ ಆಟದ ಅವಸರ. ಕೊಡು ಎಂದು ತಲೆಯಾಡಿಸಿ ಓಡಿಹೋದ. ಸಂಜೆ ಬಂದು ನೋಡಿದರೆ ಕುರಿ ಹಟ್ಟಿ ಖಾಲಿ. ಮುಂದೆ ಬದುಕಿದ್ದಷ್ಟು ದಿನ ಸಿದ್ದರಾಮಪ್ಪ ಮಂದಿಯ ಕುರಿ ಕಾದ. ಒಮ್ಮೆಯೂ ಮಗನನ್ನು ದೂರಲಿಲ್ಲ. ಹಿರೇರು ಅಂದ ಮ್ಯಾಲ ಆತು ಎನ್ನುತ್ತಿದ್ದ. ಅಷ್ಟರಲ್ಲಿ, ‘ಏನ್ರಿ, ಮಲಗೇ ಬಿಟ್ರೇನು? ಬರೇ ಕಣ್ಣು ಮುಚ್ಚರಿ ಅಂದಿದ್ರು, ಗೊರಕಿ ಹೊಡೀರಿ ಅಂದಿದ್ದಿಲ್ಲ,’ ಎಂದು ಹೆಂಡತಿ ಬಂಡೆಮ್ಮ ಅವನ ಭುಜ ಅಲ್ಲಾಡಿಸಿದಳು. ಗದ್ದೆಪ್ಪ ಎದ್ದು ಕೂತ. ಅವತ್ತಿನ ಅಭ್ಯಾಸ ಹಾಳಾಗಿತ್ತು. ಯಾರನ್ನೂ ನೆನೆಯಬಾರದೆಂಬ ಹೊತ್ತಿನಲ್ಲಿ ಅವನು ಇಡೀ ಮನೆತನವನ್ನೇ ನೆನೆದಿದ್ದ.

ಆದರೆ ಇದೆಲ್ಲ ಹಾಳುಬಿದ್ದು ಹೋಗಲಿ ಎಂದುಕೊಳ್ಳಲು ಅವ್ವನ ಎಡಗೈ ಬಿಡುತ್ತಿರಲಿಲ್ಲ. ಮೊಣಕೈ ಕೆಳಗೆ ಎಲುಬು ಮುರಿದು ಸೊಟ್ಟಾಗಿ ಕೂಡಿಕೊಂಡಿತ್ತು. ದನಕರುಗಳ ಎಲುಬು ಕಟ್ಟಿ ಬಲ್ಲ ಗದ್ದೆಪ್ಪನಿಗೆ ಅದನ್ನು ಯಾರೂ ಕಟ್ಟದೆ ಹಾಗೇ ಬಿಟ್ಟಿದ್ದಾರೆಂದು ನೋಡಿದರೇ ತಿಳಿಯುತ್ತಿತ್ತು. ಅವಳು ದಿನಾ ಎರಡು ಹೊತ್ತು, ಸೆರಗು ಹೊದ್ದು, ಮುಖ ಪಕ್ಕಕ್ಕೆ ಹೊರಳಿಸಿ, ಆ ಕೈಯನ್ನೇ ಚಾಚಿ ತಾಟು ಮುಂದಿಡುತ್ತಿದ್ದಳು. ಹತ್ತು ವರ್ಷದವನಿದ್ದಾಗ ಒಮ್ಮೆ ಮಾರೆಮ್ಮತ್ತೆಯನ್ನು ಅವ್ವನ ಕೈಗೆ ಏನಾಗಿದೆ ಎಂದು ಕೇಳಿದ್ದ. ಅತ್ತೆ ಅವನನ್ನು ತುಸು ಹೊತ್ತು ದಿಟ್ಟಿಸಿ, ‘ಕೋಲು ಕೊಟ್ಟಾವರು ನೀವು, ಹೊಡದಾವ ನಮ್ಮಣ್ಣ. ಈಗ ಮರ್ತಂಗ ಮಾಡಬ್ಯಾಡ್ರಿ,’ ಎಂದಿದ್ದಳು. ಅವತ್ತು ರಾತ್ರಿ ಅವನಿಗೆ ಊಟ ಸೇರಲಿಲ್ಲ. ಅವತ್ತಿನಿಂದ ಅವನ ತಲೆಯಲ್ಲಿ ಒಂದು ಲೆಕ್ಕ ಕೂಡದೆ ನಿಂತುಬಿಟ್ಟಿತು. ತಾನು ಮುತ್ಯಾ ಆಗಿದ್ದರೆ ಅವ್ವನ ಕೈ ಮುರಿಸಿದವನು ತಾನು. ಆಗಿರದಿದ್ದರೆ ಮಂದಿಯ ಮರ್ಯಾದೆಯನ್ನು ಇಷ್ಟು ವರ್ಷ ಕದ್ದು ಉಂಡವನು ತಾನು. ಎರಡರಲ್ಲಿ ಕಳ್ಳತನವೇ ವಾಸಿ ಎಂದು ಅವನು ತೀರ್ಮಾನಿಸಿದ್ದ, ಯಾಕೆಂದರೆ ಕಳ್ಳನನ್ನಾದರೆ ಅವ್ವ ಮುಟ್ಟಬಹುದಿತ್ತು.

ಡಾಕ್ಟರ ಸುದ್ದಿ ತಂದವನು ಹುಸೇನಪೀರ, ಮಾನ್ವಿಯಲ್ಲಿ ಉಣ್ಣೆ ಮತ್ತು ಚರ್ಮದ ವ್ಯಾಪಾರ ಮಾಡುವ ಗೆಳೆಯ. ಚರ್ಮ ಕೊಳ್ಳಲು ದವಾಖಾನೆಗೆ ಬಂದವನು ರಾಯಚೂರಿನ ತೀನ್ ಕಂದೀಲ್ ಚೌಕದಲ್ಲಿ ಅಂಟಿಸಿದ್ದ ಜಾಹೀರಾತಿನ ವಿಷಯ ಹೇಳಿ ತಾನೇ ನಕ್ಕಿದ್ದ. ಗದ್ದೆಪ್ಪ ನಗಲಿಲ್ಲ. ಮರುವಾರ ಹುಸೇನಪೀರನೇ ಲಾಡ್ಜಿಗೆ ಹೋಗಿ, ಡಾಕ್ಟರ ಸಹಾಯಕಿ ಜಾಹೆದಾ ಎಂಬವಳನ್ನು ಕಂಡು, ಕಟ್ಟಳೆಗಳನ್ನೆಲ್ಲ ಕೇಳಿಕೊಂಡು ಬಂದ.

‘ನಮ್ಮೊಳಗ ಇದಿಲ್ಲಪಾ,’ ಎಂದ ಹುಸೇನಪೀರ. ‘ಒಂದು ಸಲ ಹುಟ್ಟೂದು, ಒಂದು ಸಲ ಸಾಯೂದು, ಖಯಾಮತ್ತಿನ ದಿನ ಎದ್ದು ನಿಂತು ಜವಾಬು ಕೊಡೂದು. ನಿಮ್ಮೊಳಗ ಆರಾಮ ಅದ. ಜವಾಬು ಕೊಡೂದರಾಗ ಮತ್ತೊಂದು ಜನ್ಮ ಬಂದಿರ್ತದ.’

‘ಎಲ್ಲಿ ಆರಾಮೋ ಮಾರಾಯ. ಯಾರೋ ಮಾಡಿದ್ದಕ್ಕ ನಾ ಹುಟ್ಟಿದಾಗಿಂದ ಜವಾಬು ಕೊಡಾಕತ್ತೀನಿ.’

ಉಳ್ಳಾಗಡ್ಡಿ, ಚಹಾ, ಕಣ್ಣು ಮುಚ್ಚುವುದು ಎಲ್ಲ ಹೇಳಿದ ಮೇಲೆ ಹುಸೇನಪೀರ ಕೊನೆಯ ಕಟ್ಟಳೆಗೆ ಬಂದ. ಹಿಂದಿನ ಜನ್ಮಕ್ಕೆ ಹೋದವನು ಮರಳಿ ಬರಬೇಕಾದರೆ, ಈ ಜನ್ಮದಲ್ಲಿ ಅವನನ್ನು ಹೆತ್ತವರೋ ಹುಟ್ಟಿದಾಗಿನಿಂದ ಕಂಡ ಮನೆಯವರೋ ಒಬ್ಬರು ಪಕ್ಕದಲ್ಲಿ ಕೂತು ಅವನ ಬಲಗೈ ಹಿಡಿದುಕೊಂಡಿರಬೇಕು. ನಡುವೆ ಕೈ ಬಿಡುವಂತಿಲ್ಲ. ಗುಂಜಹಳ್ಳಿಯವನೊಬ್ಬನ ಅಣ್ಣ ಬೀಡಿ ಹಚ್ಚಲೆಂದು ಕೈ ಬಿಟ್ಟನಂತೆ, ಆ ಮನುಷ್ಯ ಈಗಲೂ ಹೆಂಡತಿಯನ್ನು ನೋಡಿ ನಮಸ್ಕಾರ್ರಿ, ಯಾವ ಊರಾಯ್ತು ಎಂದು ವಿಚಾರಿಸುತ್ತಾನಂತೆ. ಗದ್ದೆಪ್ಪ ಕೇಳುತ್ತ ಕೇಳುತ್ತ ತಣ್ಣಗಾದ. ಅಪ್ಪ ಇಲ್ಲ, ಮಾರೆಮ್ಮತ್ತೆಯೂ ತೀರಿಕೊಂಡಿದ್ದಳು. ಹುಟ್ಟಿದಾಗಿನಿಂದ ಕಂಡವಳು ಈಗ ಒಬ್ಬಳೇ, ಅಡಿಗೆಮನೆಯಲ್ಲಿ ಸೆರಗು ಹೊದ್ದು ಅವನ ಊಟ ಮುಗಿಯುವುದನ್ನು ಕಾಯುತ್ತಿದ್ದಳು.

ಬಂಡೆಮ್ಮನಿಗೆ ಈ ಇಡೀ ವ್ಯವಹಾರ ಮದುವೆಯಾದ ದಿನದಿಂದ ತಮಾಷೆಯಾಗಿತ್ತು, ಕೆಲವು ದಿನ ಸಿಟ್ಟೂ ಆಗಿತ್ತು. ‘ನನಗ ಲಗ್ನಕ್ಕ ಮೊದಲ ಯಾರರ ಹೇಳಿದ್ರೇನು, ನಿನ್ನ ಗಂಡ ನಿಮ್ಮತ್ತಿಗಿ ಮಾವ ಆಗಬೇಕು ಅಂತ? ಹೇಳಿದ್ರ ನಾ ಅತ್ತಿಗೇ ಅತ್ತಿ ಆಗಿ ಆರಾಮ ಕುಂದ್ರತಿದ್ದೆ,’ ಎಂದಳು. ಆದರೂ ಅತ್ತೆಯ ಹತ್ತಿರ ಅವಳೇ ಹೋಗಿ ಮಾತು ತೆಗೆದಳು. ಗದ್ದೆಪ್ಪ ಪಡಸಾಲೆಯಲ್ಲಿ ಕೂತು ಗೋಡೆಗೆ ಕಿವಿ ಕೊಟ್ಟ. ಸ್ವಂತ ಅವ್ವನ ಮಾತನ್ನು ಗೋಡೆಯಿಂದಲೇ ಕೇಳಿ ಬೆಳೆದಿದ್ದ ಅವನಿಗೆ ಅದು ಹೊಸದಲ್ಲ.

‘ರಾಯಚೂರಿಗಿ ಬರ್ತೀನಿ. ಎಲ್ಲಿ ಕುಂದ್ರು ಅಂತೀರಿ ಅಲ್ಲಿ ಕುಂದ್ರತೀನಿ,’ ಎಂದಳು ಜಂಬಮ್ಮ. ‘ಕೈ ಹಿಡೀಲಾಕ ಆಗೂದಿಲ್ಲ.’

‘ನಿಮ್ಮ ಹೊಟ್ಟ್ಯಾಗ ಹುಟ್ಟಿದ ಮಗ ಅಲ್ಲೇನ್ರಿ ಅತ್ತಿ?’

‘ನನ್ನ ಹೊಟ್ಟ್ಯಾಗಿಂದ ಬಂದಾರ. ಯಾಕಿಲ್ಲ ಅನ್ಲಿ? ಬಂದಾವರು ಯಾರು ಅನ್ನೂದು ಬ್ಯಾರೇ ಮಾತು.’

ಗೋಡೆಯ ಈಚೆ ಗದ್ದೆಪ್ಪನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕಳೆದ ತಿಂಗಳು ಮಾನ್ವಿಗೆ ಹೋದಾಗ ಹುಸೇನಪೀರನ ಮನೆಯಲ್ಲಿ ಇಬ್ಬರೂ ಊಟಕ್ಕೆ ಕೂತದ್ದು ನೆನಪಾಯಿತು. ಹುಸೇನಪೀರನ ತಾಯಿ ಹೀರಾಬಿ ಮಗನನ್ನು ಯಾವುದಕ್ಕೋ ಬಾಯಿ ತುಂಬ ಬಯ್ಯುತ್ತಿದ್ದಳು. ಬಯ್ಯುತ್ತಲೇ ಅವನ ಗಡ್ಡಕ್ಕೆ ಅಂಟಿದ್ದ ಅನ್ನದ ಅಗುಳನ್ನು ತನ್ನ ಓಢಣಿಯಿಂದ ಒರೆಸಿದಳು. ಮೂರು ಮಕ್ಕಳ ತಂದೆ ಹುಸೇನಪೀರ ಅದನ್ನು ಗಮನಿಸಲೂ ಇಲ್ಲ, ತಿನ್ನುತ್ತಲೇ ಇದ್ದ. ಗದ್ದೆಪ್ಪನಿಗೆ ಆ ಅಗುಳಿನ ಮೇಲೆ ಹೊಟ್ಟೆಕಿಚ್ಚಾಯಿತು. ಅವನು ಕೈ ತೊಳೆದು ಎದ್ದುಬಿಟ್ಟ. ಸಾಂಬಾರು ಸೇರಲಿಲ್ಲವೇ ಎಂದು ಹೀರಾಬಿ ಬಹಳ ಸಲ ಕೇಳಿದಳು.

ಸುದ್ದಿ ಹೇಗೋ ಕುರ್ಡಿಗೂ ಹೋಗಿತ್ತು. ಮಂಗಳವಾರ ದವಾಖಾನೆಯ ಔಷಧ ತರಲು ಮಾನ್ವಿಗೆ ಹೋದಾಗ ಊರಿನ ಹಳೆಯ ಕುರುಬ ಹನುಮಂತ್ರಾಯ ಬಸ್ ಸ್ಟ್ಯಾಂಡಿನಲ್ಲೇ ಅವನನ್ನು ಹಿಡಿದು ನಿಲ್ಲಿಸಿದ. ಮುದುಕ ಮೊದಲು ಬಾಗಿ ಅವನ ಕಾಲು ಮುಟ್ಟಿದ. ಸುತ್ತಲಿನವರು ನೋಡಿದರು. ಆಮೇಲೆ ಅದೇ ಬಾಯಿಯಿಂದ ಬಯ್ಯತೊಡಗಿದ.

‘ಹೋಗಾಕತ್ತೀರಂತ. ಹೋದಾಗ ನನ್ನ ಕರೇ ಟಗರಿಂದು ಒಂದು ಮಾತು ಕೇಳಿಕೊಂಡು ಬರ್ರಿ. ಕಿವ್ಯಾಗ ನನ್ನ ಗುರುತಿನ ಕಚ್ಚು ಇತ್ತು. ರಾತ್ರೋರಾತ್ರಿ ಅದರ ಮ್ಯಾಲ ಮತ್ತೊಂದು ಕಚ್ಚು ಹಾಕಿ ನಿಮ್ಮ ಹಿಂಡಿಗಿ ಸೇರಿಸಿದ್ರಿ.’

‘ಯಾರನ್ನ ಕೇಳಲಿ ಯಜಮಾನ? ಹೋಗಾವ ನಾನು.’

‘ಅದಕ್ಕ ಹೇಳಾಕತ್ತೀನಿ. ನಿಮ್ಮನ್ನ ನೀವೇ ಕೇಳ್ರಿ. ಬ್ಯಾರೇದಾವರು ಕೇಳಿದ್ರ ನೀವು ಎಲ್ಲಿ ಖರೇ ಹೇಳ್ತೀರಿ? ಮೊದಲಿಂದ ಮೊಂಡ ನೀವು.’

ಗದ್ದೆಪ್ಪ ಆಗಲಿ ಎಂದ. ಆಗಲಿ ಎಂದದ್ದಕ್ಕೇ ಅವನ ಮೇಲೆ ಅವನಿಗೆ ಹೇಸಿಕೆಯಾಯಿತು, ಒಪ್ಪಿಕೊಂಡರೆ ಆ ಟಗರನ್ನೂ ತಾನೇ ಕದ್ದ ಹಾಗಾಯಿತಲ್ಲ. ದೇವದುರ್ಗಕ್ಕೆ ಮರಳುವಾಗ ಸಿರವಾರದ ತನಕ ಕಿಟಕಿಯಿಂದ ಕುರಿ ಹಿಂಡು ಕಂಡಾಗಲೆಲ್ಲ ಅವನು ಮುಖ ತಿರುಗಿಸಿದ. ತನ್ನ ಬೆರಳುಗಳನ್ನು ನೋಡಿಕೊಂಡ. ಟಗರಿನ ಕಿವಿ ಕತ್ತರಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ದವಾಖಾನೆಯಲ್ಲಿ ಗಾಯವಾದಾಗ ಎಷ್ಟೋ ಸಲ ಮಾಡಿದ್ದ. ಯಾರು ಕಲಿಸಿದ್ದೆಂದು ನೆನಪಾಗಲಿಲ್ಲ. ಕಲಿಸಿದವರು ನಿಜಕ್ಕೂ ದವಾಖಾನೆಯ ಡಾಕ್ಟರೇ, ಆದರೆ ಆ ಬಸ್ಸಿನಲ್ಲಿ ಆ ಹೊತ್ತಿಗೆ ಅವನಿಗೆ ಅದು ಹೊಳೆಯಲೇ ಇಲ್ಲ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಟವೆಲಿನ ಉಪಾಯ ಬಂಡೆಮ್ಮನದು. ಕೈ ಹಿಡಿಯುವುದು ಬೇಡ, ಟವೆಲಿನ ಒಂದು ತುದಿ ಗಂಡ ಹಿಡಿಯಲಿ, ಇನ್ನೊಂದು ತುದಿ ಅತ್ತೆ ಹಿಡಿಯಲಿ, ನಡುವೆ ಬಟ್ಟೆ ಇದ್ದ ಮೇಲೆ ಮುಟ್ಟಿದ ಹಾಗೂ ಆಗಲಿಲ್ಲ, ಬಿಟ್ಟ ಹಾಗೂ ಆಗಲಿಲ್ಲ. ಜಂಬಮ್ಮ ಬಹಳ ಹೊತ್ತು ಯೋಚಿಸಿ, ಟವೆಲು ಉದ್ದ ಇರಬೇಕು ಎಂದು ಒಪ್ಪಿದಳು. ಬುಧವಾರ ಮಧ್ಯಾಹ್ನ ತಾಲೀಮು ನಡೆಯಿತು. ಗದ್ದೆಪ್ಪ ಪಡಸಾಲೆಯ ಹೊರಸಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಟವೆಲು ಅವನ ಬಲಗೈಯಿಂದ ಹೊರಟು, ಹೊಸ್ತಿಲು ದಾಟಿ, ಅಡಿಗೆಮನೆಯ ಬಾಗಿಲ ಮರೆಯಲ್ಲಿ ಮುಖ ಹೊರಳಿಸಿ ನಿಂತ ಜಂಬಮ್ಮನ ಕೈ ಸೇರಿತು. ಬಂಡೆಮ್ಮ ನಡುವೆ ನಿಂತು ಬಟ್ಟೆ ಜೋಲದಂತೆ ನೋಡಿಕೊಂಡಳು. ಪಕ್ಕದ ಮನೆಯ ಬಸವಂತಮ್ಮ ಮಜ್ಜಿಗೆ ಕೇಳಲು ಬಂದವಳು ಇದನ್ನು ನೋಡಿ, ‘ಯಾರಿಗಿ ಏನಾಗ್ಯದ?’ ಎಂದು ಅಲ್ಲೇ ನಿಂತಳು. ಗದ್ದೆಪ್ಪನಿಗೆ ಅವತ್ತು ಕುರಿಗಳು ಬರಲಿಲ್ಲ. ಮುಚ್ಚಿದ ಕಣ್ಣಿನೊಳಗೆ ಏನೂ ಇರಲಿಲ್ಲ, ಬಲಗೈಯಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಸಣ್ಣದೊಂದು ಜಗ್ಗು ಬರುತ್ತಿತ್ತು. ಅವ್ವ ನಿಂತು ನಿಂತು ಕಾಲು ಬದಲಿಸುತ್ತಿದ್ದಳು, ಅಷ್ಟೇ. ಆದರೂ ಅವನು ಪ್ರತಿಯೊಂದು ಜಗ್ಗನ್ನೂ ಕಾದ. ಒಮ್ಮೆ ತಾನೂ ಮೆಲ್ಲಗೆ ಜಗ್ಗಿದ. ಆ ಕಡೆ ಬಟ್ಟೆ ತಟ್ಟನೆ ಸಡಿಲಾಯಿತು. ‘ಅತ್ತಿ, ಬಿಡಬ್ಯಾಡ್ರಿ, ಗುಂಜಹಳ್ಳಿಯಾವಗ ಆದಂಗ ಆಗ್ತದ,’ ಎಂದು ಬಂಡೆಮ್ಮ ಗದರಿದಳು. ಮತ್ತೆ ಬಿಗಿಯಾಯಿತು. ಇನ್ನು ಹೀಗೇ ಇದ್ದುಬಿಟ್ಟರೆ ರಾಯಚೂರಿಗೆ ಯಾಕೆ ಹೋಗಬೇಕು ಎಂದು ಗದ್ದೆಪ್ಪನಿಗೆ ಅನಿಸಿತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಜಂಬಮ್ಮ ಟವೆಲು ಕೈಬಿಟ್ಟು ಓಡಿದಳು.

ಗುರುವಾರ ಬೆಳಿಗ್ಗೆ ತಾಯಿ ಮಗ ಬಸ್ಸು ಹತ್ತಿದರು. ಜಂಬಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಬೆನ್ನು ಅವನಿಗೆ ಕಾಣುವ ಹಾಗೆ. ಅವಳಿಗೆ ಬಸ್ಸು ಸೇರುವುದಿಲ್ಲ. ಗಬ್ಬೂರು ದಾಟುವಷ್ಟರಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡಳು. ಗದ್ದೆಪ್ಪ ಗಾಬರಿಯಾಗಿ ಎದ್ದು ಹೋಗಿ ಪಕ್ಕದಲ್ಲಿ ನಿಂತ. ಹೆಗಲು ಹಿಡಿಯಲೆಂದು ಕೈ ಮುಂದೆ ಚಾಚಿದ. ಆ ಸ್ಥಿತಿಯಲ್ಲೂ ಅವಳು ಅದನ್ನು ಕಂಡು ಕಿಟಕಿಯ ಮೂಲೆಗೆ ಮುದುಡಿಕೊಂಡಳು. ‘ಏನ್ರಿ, ವಯಸ್ಸಾದ ಹೆಣಮಗಳು ಕಾರಾಕತ್ಯಾಳ, ಬೆನ್ನು ತಿಕ್ಕಬಾರದೇನು? ಏನಾಗಬೇಕು ನಿಮಗ?’ ಎಂದು ಕಂಡಕ್ಟರು ಕೇಳಿದ. ಇಡೀ ಬಸ್ಸು ಅವನ ಉತ್ತರಕ್ಕೆ ಕಾದಿತ್ತು. ಏನಾಗಬೇಕು ಎಂದು ತಿಳಿಯಲೆಂದೇ ರಾಯಚೂರಿಗೆ ಹೊರಟಿದ್ದೇನೆ ಎಂದು ಹೇಳಲಾಗಲಿಲ್ಲ. ಅವನು ಹಿಂದಕ್ಕೆ ಬಂದು ಕೂತ. ಯಾರೋ ಅಪರಿಚಿತ ಹೆಂಗಸು ಜಂಬಮ್ಮನ ಬೆನ್ನು ತಿಕ್ಕಿದಳು, ಬಾಟಲಿಯಿಂದ ನೀರು ಕುಡಿಸಿದಳು. ಇಷ್ಟು ಸಿಟ್ಟು ಅವನಿಗೆ ಯಾವತ್ತೂ ಬಂದಿರಲಿಲ್ಲ. ಯಾರ ಮೇಲೆ ಎಂದು ಗೊತ್ತಾಗದೆ, ಅದು ಸತ್ತವನ ಮೇಲೆ ಹೋಗಿ ಕೂತಿತು, ಅಂದರೆ ತಿರುಗಿ ಅವನ ಮೇಲೆಯೇ.

ಲಾಡ್ಜಿನ ಮಾಳಿಗೆಯಲ್ಲಿ ಹಸಿರು ಬಣ್ಣ ಬಳಿದ ಒಂದು ಕೋಣೆ, ಗೋಡೆಗುಂಟ ಬೆಂಚು, ಮುಚ್ಚಿದ ಬಾಗಿಲು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಜಾಹೆದಾ ಸ್ವೆಟರ್ ಹೆಣೆಯುತ್ತಿದ್ದಳು. ಮೊದಲೇ ಬಂದು ಕಾಯುತ್ತಿದ್ದ ಹುಸೇನಪೀರ ಎದ್ದು ಜಂಬಮ್ಮನಿಗೆ ಜಾಗ ಮಾಡಿಕೊಟ್ಟ. ಒಳಗಿನಿಂದ ಯಾರೋ ಗಂಟಲು ಹರಿಯುವಂತೆ, ‘ಆನಿ ಬಿಡ್ರಿ! ಕ್ವಾಟಿ ಬಾಗಲಾ ಮುಚ್ಚರಿ!’ ಎಂದು ಕೂಗುತ್ತಿದ್ದರು. ತುಸು ಹೊತ್ತಿಗೆ ಬಾಗಿಲು ತೆರೆದು, ಒಬ್ಬ ಹತ್ತಿ ದಲ್ಲಾಳಿ ತಲೆ ತಗ್ಗಿಸಿಕೊಂಡು ಬಂದ, ಅವನ ಮುದಿ ತಂದೆ ಅವನ ಕೈ ಹಿಡಿದೇ ಇದ್ದ. ದಲ್ಲಾಳಿ ಬೆಂಚಿನ ಕೆಳಗೆ ಚಪ್ಪಲಿ ಹುಡುಕಿದ, ಸಿಗಲಿಲ್ಲ, ಅವು ಅವನ ಕಾಲಲ್ಲೇ ಇದ್ದವು. ಗದ್ದೆಪ್ಪ ಚೀಲದಿಂದ ಟವೆಲು ತೆಗೆದು ಜಾಹೆದಾಳಿಗೆ ವಿಷಯ ಹೇಳಿದ. ಅವಳು ಹೆಣಿಗೆ ನಿಲ್ಲಿಸದೆ ಕೇಳಿದಳು.

‘ಟವೆಲ್ ನಡಿಯಂಗಿಲ್ರಿ. ಚಮಡಾಕ್ಕ ಚಮಡಾ, ತೊಗಲಿಗಿ ತೊಗಲು ಹತ್ತಬೇಕು ಅಂತಾರ ಡಾಕ್ಟರು.’

‘ತೆಳ್ಳಂದು ಅದರಿ ಟವೆಲು.’

‘ನನಗೇನ್ರಿ? ನನಗ ಇದರಾಗ ನಂಬಿಕೀನೇ ಇಲ್ಲ, ನೌಕರಿ ಅಂತ ಮಾಡ್ತೀನಿ. ನಾಳಿ ನೀವು ವಾಪಸ್ ಬರಲಿಲ್ಲ ಅಂದ್ರ ನನಗ ಬೈಬ್ಯಾಡ್ರಿ. ಹತ್ತು ಮಿನಿಟಿನಾಗ ಕರೀತೀನಿ, ಅಷ್ಟರಾಗ ಮಾತಾಡಿಕೊಳ್ರಿ.’

ಹುಸೇನಪೀರ ಸೂಕ್ಷ್ಮ ತಿಳಿದವನು, ಬೀಡಾ ತರುತ್ತೇನೆಂದು ಕೆಳಗಿಳಿದು ಹೋದ. ಬೆಂಚಿನ ಒಂದು ತುದಿಗೆ ಗದ್ದೆಪ್ಪ, ಇನ್ನೊಂದು ತುದಿಗೆ, ಅವನ ಸರಿಸಮ ಕೂರಬಾರದೆಂದು ನೆಲದ ಮೇಲೆ, ಜಂಬಮ್ಮ. ಅವಳು ಎದುರಿನ ಹಸಿರು ಗೋಡೆಗೆ ಹೇಳಿದಳು:

‘ಒಳಗ ಹೋಗಬ್ಯಾಡ್ರಿ.’

‘ಯಾಕವ್ವಾ?’

‘ಅಲ್ಲಿ ಅವರು ಇರತಾರೋ ಇಲ್ಲೋ ನನಗ ಗೊತ್ತಿಲ್ಲ. ಇಲ್ಲ ಅಂದ್ರ ನಾ ಏನು ಮಾಡಲಿ?’ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಕಟ್ಟಿ ಮ್ಯಾಲ ಕುಂದ್ರೂದು ನಾ ಕಲಿಸಿದ್ದು. ತಂಬಾಕಿನ ಚೀಲ ಕೇಳೂದು ನಾ ಕಲಿಸಿದ್ದು. ನಿಮ್ಮಪ್ಪಗ ಸಿದ್ದ್ಯಾ ಅಂತ ಕರಿಯೂದೂ ನಾ ಕಲಿಸಿದ್ದು. ಯಾರೂ ಇಲ್ಲದಾಗ ಕುರಿ ಹಟ್ಟ್ಯಾಗ ಕುಂದ್ರಿಸಿಕೊಂಡು, ಒಂದೊಂದು ಮಾತಿಗಿ ಒಂದೊಂದು ಬೆಲ್ಲದ ಚೂರು ಕೊಟ್ಟು ಕಲಿಸಿದೆ. ಜಾಣ ಇದ್ರಿ. ಲಗೂನ ಕಲತ್ರಿ.’

ಗದ್ದೆಪ್ಪನಿಗೆ ಕೋಣೆಯ ಹಸಿರು ಬಣ್ಣ ಒಮ್ಮೆ ಹತ್ತಿರ ಬಂದು ದೂರ ಹೋದ ಹಾಗಾಯಿತು. ಯಾಕೆ ಎಂದು ಕೇಳಿದನೋ ಇಲ್ಲವೋ, ಅವಳು ಹೇಳುತ್ತ ಹೋದಳು.

‘ಮುದುಕ ಸತ್ತ ಮ್ಯಾಲರ ಹೊಡಿಯೂದು ನಿಲ್ತದ ಅನ್ಕೊಂಡಿದ್ದೆ. ನಿಲ್ಲಲಿಲ್ಲ. ನಿಮ್ಮಪ್ಪಗ ರೂಢಿ ಬಿದ್ದಿತ್ತು. ಆತ ಅಂಜೂದು ಒಬ್ಬಗೇ. ಅವ ಸತ್ತುಹೋಗಿದ್ದ. ಅದಕ್ಕ ಕರಕೊಂಡು ಬಂದೆ. ಕೂಸು ಕೋಲು ಕೊಡಂಗಿಲ್ಲ, ಹಿರೇರು ಹೇಳದ ಆತ ಕೈ ಎತ್ತಂಗಿಲ್ಲ ಅಂತ.’

‘ಹಂಗಾದ್ರ ನಾ ಅವನಲ್ಲ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ...’

‘ಮುಟ್ಟಿದ್ರ ಮಂದಿಗಿ ತಿಳೀತಿತ್ತು. ಮಾರೆಮ್ಮನ ಕಣ್ಣು ನನ್ನ ಮ್ಯಾಲೇ ಇತ್ತು. ಸ್ವಲ್ಪ ದಿನ, ಆಮ್ಯಾಲ ಎತ್ತಿಗೊಂಡ್ರಾತು ಅನ್ಕೊಂಡಿದ್ದೆ. ಆದ್ರ ಅವತ್ತು ನೀವು ನಾ ಕಲಿಸಿದ್ದಷ್ಟೇ ಅನ್ನಲಿಲ್ರಿ. ಎಲ್ಲಾರೂ ಕಾಲಿಗಿ ಬಿದ್ದು ಎದ್ದ ಮ್ಯಾಲ ನಿಮ್ಮಪ್ಪನ ಮುಖ ನೋಡಿ, ಅಕಿನ್ನ ಹೊಡಿಬ್ಯಾಡ, ಅಕಿ ಅಳ್ತಾಳ ಅಂದ್ರಿ. ಅದನ್ನ ನಾ ಕಲಿಸಿದ್ದಿಲ್ಲ.’ ಅವಳ ದನಿ ಸಣ್ಣದಾಯಿತು. ‘ಎದಿ ಝಲ್ ಅಂತು ನನಗ. ನಾ ಸುಳ್ಳು ಹೇಳಿ ಕರದ್ರ ಮುದುಕ ಖರೇನೇ ಬಂದಾನ ಅನ್ಕೊಂಡೆ. ಸತ್ತ ಮ್ಯಾಲ ಬುದ್ಧಿ ಬಂದು, ತಪ್ಪಾತು ಅನ್ನಾಕ ಕೂಸಾಗಿ ಬಂದಾನ ಅನ್ಕೊಂಡೆ. ಅವತ್ತೇ ಅವನ್ನ ಮಾಫ್ ಮಾಡಿದೆ. ಕೈ ಮುರಿಸಿದ್ದನ್ನೂ ಮಾಫ್ ಮಾಡಿದೆ. ಅಷ್ಟು ದೊಡ್ಡಾವ ಹಂಗ ಬಂದ ಮ್ಯಾಲ ನಾ ಹೆಂಗ ಎತ್ತಿ ಆಡಿಸಲಿ?’

ಗದ್ದೆಪ್ಪ ಎದ್ದು ನೆಟ್ಟಗೆ ಜಾಹೆದಾಳ ಹತ್ತಿರ ಹೋದ. ತನಗೆ ಹಿಂದಿನ ಜನ್ಮ ಬೇಡವೆಂದೂ, ಮೂರನೆಯ ವರ್ಷದ ತನಕ ಕಳಿಸಿದರೆ ಸಾಕೆಂದೂ, ಅಲ್ಲಿ ಒಂದೇ ಒಂದು ಸಂಜೆ ನೋಡಿಕೊಂಡು ಬಂದುಬಿಡುತ್ತೇನೆಂದೂ ಹೇಳಿದ.

‘ಈ ಜನ್ಮದ್ದು ಡಾಕ್ಟರು ಮಾಡಂಗಿಲ್ರಿ,’ ಎಂದಳು ಜಾಹೆದಾ. ‘ಹುಟ್ಟೂಕಿಂತ ಹಿಂದಿಂದು ಅಷ್ಟೇ.’

‘ಅದಕ್ಕಿಂತ ಇದು ಹತ್ತಿರ ಆಗ್ತದಲ್ರಿ?’

‘ಹತ್ತಿರ ಆಗ್ತದ. ಆದ್ರ ಮಾಡಂಗಿಲ್ಲ.’

ಅವನು ಮರಳಿ ಬಂದು ಬೆಂಚಿನ ಮೇಲೆ ಕೂರದೆ ಅವ್ವನ ಪಕ್ಕದಲ್ಲಿ ನೆಲಕ್ಕೆ ಕೂತ. ಅವಳು ಸರಿಯಲು ನೋಡಿದಳು, ಅತ್ತ ಗೋಡೆ ಇತ್ತು. ಗದ್ದೆಪ್ಪ ಕಣ್ಣು ಮುಚ್ಚಿ, ಆ ಸಂಜೆಯನ್ನು ತನಗೆ ತಾನೇ ತಡಕಿದ. ಕಟ್ಟೆ ಇಲ್ಲ, ಕಂಬಳಿ ಇಲ್ಲ, ಅಪ್ಪನ ಮುಖವೂ ಇಲ್ಲ. ಒಂದು ಮಾತೂ ಇಲ್ಲ. ಆದರೂ ಅವನಿಗೆ ಅನುಮಾನ ಉಳಿಯಲಿಲ್ಲ, ಹೊಟ್ಟೆಯೊಳಗಿನಿಂದ ಗೊತ್ತಾಗಿಬಿಟ್ಟಿತು.

‘ಯವ್ವಾ, ಅದು ಮುತ್ಯಾ ಅಲ್ಲ. ನಾನು ಅಂದದ್ದು.’

‘ನಿಮಗ ನೆನಪದ ಏನು?’

‘ಇಲ್ಲ.’

‘ಮತ್ತ?’

‘ಕೋಲು ಕೊಟ್ಟಾವ ಅಕಿ ಅಳ್ತಾಳ ಅಂತಾನೇನು? ನೀ ಅತ್ತದ್ದು ಅವ ಎಂದರ ನೋಡಿದ್ದನೇನು? ನೋಡಿದಾವ ನಾನು. ನಿನ್ನ ತೊಡಿ ಮ್ಯಾಲ ಮಲಗಿರ್ತಿದ್ದಾವ ನಾನು. ನಿನ್ನ ಕಣ್ಣೀರು ನನ್ನ ಮಾರಿ ಮ್ಯಾಲ ಬೀಳ್ತಿತ್ತು, ಅವನ ಮ್ಯಾಲಲ್ಲ.’

ಒಳಗೆ ಡಾಕ್ಟರು ಕೆಮ್ಮಿದರು. ಕೆಳಗೆ ಬೀದಿಯಲ್ಲಿ ಜಟಕಾದವನು ಯಾರನ್ನೋ ಸ್ಟೇಷನ್ನಿಗೆ ಕರೆಯುತ್ತಿದ್ದ. ಜಂಬಮ್ಮನ ಸೆರಗು ತಲೆಯಿಂದ ಜಾರಿತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಅವಳ ಪೂರಾ ಮುಖವನ್ನು ಗದ್ದೆಪ್ಪ ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ಮೂಗಿನ ಪಕ್ಕದಲ್ಲಿ ಒಂದು ಮಚ್ಚೆ ಇತ್ತು.

‘ಅಂದ್ರ,’ ಎಂದಳು ಮೆಲ್ಲಗೆ, ‘ಅವ ಬರಲೇ ಇಲ್ಲ.’

‘ಇಲ್ಲ.’

‘ತಪ್ಪಾತು ಅನ್ನಲೇ ಇಲ್ಲ. ಕೇಳದಾವನ್ನ ನಾ ಸುಮ್ಮನ ಮಾಫ್ ಮಾಡಿಕೊಂತ ಕುಂತೆ.’

‘ಹೌದವ್ವಾ.’

‘ಇಷ್ಟು ವರ್ಷ ಅವಗ ಮೊದಲ ಉಣ್ಣಾಕಿಕ್ಕಿದೆ. ಅವನ ಮುಂದ ಕುಂದ್ರಲಿಲ್ಲ. ಅವನ ಜ್ವರಕ್ಕ ನಾ ಬಾಗಲದಾಗ ನಿಂತೆ!’

‘ಜ್ವರ ನನಗ ಬಂದಿತ್ತು.’

‘ನಿನಗ!’ ಎಂದಳು ಜಂಬಮ್ಮ, ಅವಳ ದನಿ ಇಡೀ ಮಾಳಿಗೆಗೆ ಕೇಳಿತು. ‘ಒಂದು ಮಾತು ಹೇಳಬಾರದಿತ್ತೇನೋ, ನಾ ಅಂದದ್ದು ಅಂತ? ಬಾಯಾಗ ಏನಿಟ್ಟುಕೊಂಡಿದ್ದಿ ಭಾಡ್ಯಾ?’ ಅವಳ ಕೈ ಮೇಲೆದ್ದು ಅವನ ಬೆನ್ನಿನ ಮೇಲೆ ದಪ್ಪನೆ ಬಿತ್ತು.

ಇಬ್ಬರೂ ಬೆಚ್ಚಿದರು. ಜಂಬಮ್ಮ ತನ್ನ ಅಂಗೈ ನೋಡಿಕೊಂಡಳು, ಬಿಳಿಚಿಕೊಂಡಳು, ಸರಕ್ಕನೆ ಸೆರಗನ್ನು ತಲೆಗೆಳೆದು, ಎರಡೂ ಕೈ ಜೋಡಿಸಿ, ‘ತಪ್ಪಾತ್ರಿ ಮಾವಾರ, ತಪ್ಪಾತ್ರಿ,’ ಎಂದು ತಡವರಿಸಿದಳು. ಅಂದ ಮಾತು ಅವಳಿಗೇ ಕೇಳಿಸಿತು. ಜೋಡಿಸಿದ ಕೈ ಹಾಗೇ ನಿಂತಿತು. ಮುಖಕ್ಕೆ ರಕ್ತ ಏರಿತು, ಸೆರಗನ್ನು ಕಿತ್ತು ಹೆಗಲ ಮೇಲೆ ಒಗೆದಳು, ಹಲ್ಲು ಕಚ್ಚಿ ಇನ್ನೊಂದು ಏಟು ಹಾಕಿದಳು. ಇದು ಮೊದಲನೆಯದಕ್ಕಿಂತ ಜೋರಾಗಿತ್ತು. ಗದ್ದೆಪ್ಪನಿಗೆ ಉಸಿರು ಸಿಕ್ಕಿಕೊಂಡಿತು, ಬೆನ್ನು ಚುರುಗುಟ್ಟಿತು, ಬಾಯಿಂದ ಅಯ್ಯೋ ಎಂಬ ಕೂಗು ತಾನಾಗಿ ಹೊರಬಿತ್ತು. ಹೆಣಿಗೆ ಕೈಯಲ್ಲಿ ಹಿಡಿದು ಜಾಹೆದಾ ಎದ್ದು ನಿಂತಳು.

‘ಗದ್ದೆಪ್ಪ ಅನ್ನಾವರು ಒಳಗ ಬರ್ರಿ,’ ಎಂದಳು.

‘ಸ್ವಲ್ಪ ತಡೀರಿ,’ ಎಂದು ಗದ್ದೆಪ್ಪ ಮೂರನೆಯದಕ್ಕೆ ಬೆನ್ನು ಬಗ್ಗಿಸಿ ಕೂತ.